ಮಂಗಳೂರಿನಲ್ಲಿ ಪೋಕೆಮಾನ್ ಕಾರ್ಡು ಇಡೋಕೆ ಬೈಂಡರ್ ಒಳ್ಳೆಯದಾ, ಟಾಪ್‌ಲೋಡರ್ ಒಳ್ಳೆಯದಾ, ಇಲ್ಲ ಗ್ರೇಡಿಂಗ್‌ಗೆ ಕಳಿಸಬೇಕಾ?

ಪಾಕೆಟ್ ಹಾಳೆಗಳಿರುವ ಬೈಂಡರ್, ಒಂದೊಂದೇ ಕಾರ್ಡು ಹಾಕುವ ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರ್, ಕಾರ್ಡಿನ ಸ್ಥಿತಿಗೆ ಅಂಕ ಕೊಡಿಸುವ ಗ್ರೇಡಿಂಗ್, ಈ ಮೂರರಲ್ಲಿ ಯಾವುದಕ್ಕೂ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲಿದೆ: "ಮಳೆ ಶುರುವಾಗಿದೆ, ಅದಕ್ಕೇ ಸದ್ಯಕ್ಕೆ ಮುನ್ನೂರು ಕಾರ್ಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೀನಿ." ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಎದ್ದು ಹೋಗಿ ಆ ಮುಚ್ಚಳ ತೆಗೆಯಿರಿ. ಮನೆಯಲ್ಲಿ ಎಸಿ ಇರುವ ಕೋಣೆ ಇದ್ದರೆ ಡಬ್ಬಿಯನ್ನು ಅಲ್ಲಿಗೆ ತಂದಿಡಿ. ಉಳಿದದ್ದು ಆಮೇಲೆ ಓದಿ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಚಿಕ್ಕವನಿದ್ದಾಗ ಚಿಪ್ಸ್ ಪ್ಯಾಕೆಟ್ಟಿನ ಟಾಝೋ ಬಿಟ್ಟರೆ ಬೇರೇನೂ ಕಂಡವನಲ್ಲ. ನಿಜವಾದ ಕಾರ್ಡು ಕೈಗೆ ಬಂದಿದ್ದು ಬೆಂಗಳೂರಲ್ಲಿ, ಕೆಲಸಕ್ಕೆ ಸೇರಿದ ಮೇಲೆ. 2021ರ ಅಕ್ಟೋಬರ್‌ನಲ್ಲಿ ಪೋಕೆಮಾನ್‌ನ 25ನೇ ವರ್ಷಕ್ಕೆ ಸೆಲೆಬ್ರೇಷನ್ಸ್ ಅನ್ನೋ ಸೆಟ್ ಬಂತು. ಪ್ಯಾಕಿಗೆ ನಾಲ್ಕೇ ಕಾರ್ಡು, ನಾಲ್ಕೂ ಫಾಯಿಲ್, ಅಂದರೆ ಮುಖಕ್ಕೆ ಹೊಳೆಯುವ ಪದರ ಇರುವಂಥವು. ಇಡೀ ಸೆಟ್ಟಿನಲ್ಲಿ ಹೊಸ ಕಾರ್ಡು 25, ಅದರ ಜೊತೆಗೆ ಹಳೇ ಕಾರ್ಡುಗಳ ಮರುಮುದ್ರಣ 25. ಆ ಹಳೆಯವುಗಳಲ್ಲಿ 1999ರ ಇಂಗ್ಲಿಷ್ ಬೇಸ್ ಸೆಟ್ಟಿನ (ಮೊಟ್ಟಮೊದಲ ಸೆಟ್) ಚಾರಿಜಾರ್ಡ್, ಅದೇ ಬೆಂಕಿ ಉಗುಳುವ ರೆಕ್ಕೆಯ ಪೋಕೆಮಾನ್, ಕೂಡ ಇತ್ತು. ಕೆಳಗೆ ಅದೇ 4/102 ನಂಬರು, ಚಿತ್ರದ ಹತ್ತಿರ 25ರ ಪುಟ್ಟ ಮುದ್ರೆ. ಅದಕ್ಕಾಗಿ ಎಷ್ಟು ಪ್ಯಾಕ್ ಒಡೆದೆನೋ ಲೆಕ್ಕವಿಲ್ಲ, ಸಿಗಲೇ ಇಲ್ಲ. ಕೊನೆಗೆ ಅರ್ಧ ತಿಂಗಳ ಬಾಡಿಗೆಯಷ್ಟು ಕೊಟ್ಟು ಬಿಡಿಯಾಗಿ ಕೊಂಡೆ. (ಬೇಕಾದ ಕಾರ್ಡು ಯಾವುದು ಅಂತ ಗೊತ್ತಿದ್ದರೆ ಮೊದಲೇ ಬಿಡಿಯಾಗಿ ಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತೇ ಇಲ್ಲ.)

2022ರ ಜೂನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡಬಹುದು ಅಂತಾಯಿತು. ಕಾರ್ಡುಗಳನ್ನೆಲ್ಲ ಹೊತ್ತುಕೊಂಡು ಊರಿಗೆ ಹೋದೆ. ಹದಿನೈದು ದಿನ ಅವು ಮೇಜಿನ ಮೇಲೆ, ಸ್ಲೀವ್ (ತೆಳು ಪ್ಲಾಸ್ಟಿಕ್ ಚೀಲ) ಹಾಕಿಕೊಂಡು ಆರಾಮಾಗಿ ಇದ್ದವು. ಅಷ್ಟರಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆ ಅಂದರೆ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲದಕ್ಕೂ ಬೂಸ್ಟು. ಹೆದರಿಕೆಯಾಗಿ ಪೇಟೆಗೆ ಹೋಗಿ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತಂದೆ. ಮುಚ್ಚಳದ ಸುತ್ತ ರಬ್ಬರ್, ನಾಲ್ಕು ಕಡೆ ಕ್ಲಿಪ್ಪು. ಶೂ ಪೆಟ್ಟಿಗೆಗಳಿಂದ ಕೂಡಿಸಿಟ್ಟಿದ್ದ ಎಂಟು ಸಿಲಿಕಾ ಜೆಲ್ ಪೊಟ್ಟಣ (ತೇವ ಹೀರುವ ಕಾಳು) ಹಾಕಿದೆ. ಕಾರ್ಡು ಜೋಡಿಸಿ ಕ್ಲಿಪ್ ಒತ್ತಿದೆ. ಹೊರಗೆ ಧೋ ಅಂತ ಮಳೆ ಸುರಿಯುತ್ತಿತ್ತು. ಬೀರುವಿನೊಳಗೆ ಇಟ್ಟು ನೆಮ್ಮದಿಯಾಗಿ ಮಲಗಿದೆ.

ತೆಗೆದದ್ದು ದಸರಾ ಕಳೆದ ಮೇಲೆ. ಮೊದಲು ಬಂದದ್ದು ವಾಸನೆ. ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನ ಒಣಗದೆ ಉಳಿದರೆ ಬರುತ್ತದಲ್ಲ, ಆ ಮುಗ್ಗಲು. ಫಾಯಿಲ್ ಕಾರ್ಡುಗಳೆಲ್ಲ ಮರದಿಂದ ಬಿದ್ದ ಅಡಿಕೆ ಹಾಳೆಯ ಹಾಗೆ ಒಳಕ್ಕೆ ಮುದುಡಿಕೊಂಡಿದ್ದವು. ತಳದಲ್ಲಿದ್ದ ಹನ್ನೊಂದು ಕಾರ್ಡುಗಳ ನೀಲಿ ಬೆನ್ನ ಮೇಲೆ ಬೂದು ಬಣ್ಣದ ಚುಕ್ಕಿ. ಚಾರಿಜಾರ್ಡ್‌ನ ಮುಖಕ್ಕೆ ಸ್ಲೀವ್ ಅಂಟಿಕೊಂಡಿತ್ತು. ಉಸಿರು ಬಿಗಿಹಿಡಿದು ನಿಧಾನಕ್ಕೆ ಎಳೆದೆ. ಎಡಗಡೆಯ ರೆಕ್ಕೆಯ ಹತ್ತಿರ ಒಂದು ಅಕ್ಕಿ ಕಾಳಿನಷ್ಟು ಜಾಗದಲ್ಲಿ ಹೊಳಪು ಸ್ಲೀವಿನ ಜೊತೆಗೇ ಎದ್ದು ಬಂತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅಲ್ಲ ಮಾರಾಯ, ಮಳೆ ಹೊಯ್ತಾ ಇರುವಾಗ ಡಬ್ಬಿಗೆ ತುಂಬಿದ್ಯಾ? ಹಪ್ಪಳ ನಾವು ಯಾವಾಗ ತುಂಬ್ತೀವಿ?"

ಅಲ್ಲೇ ಇತ್ತು ನೋಡಿ ನನ್ನ ತಪ್ಪು. ನಮ್ಮ ಕಡೆ ಹಲಸಿನ ಹಪ್ಪಳ ಮಾಡುವುದು ಬೇಸಿಗೆಯಲ್ಲಿ. ಚಾಪೆ ಮೇಲೆ ಹರಡಿ, ಬಿಸಿಲಿಗೆ ಒಣಗಿಸಿ, ಮುರಿದರೆ ಚಟ್ ಅನ್ನಬೇಕು. ಆಮೇಲೆ ನಡು ಮಧ್ಯಾಹ್ನದ ಒಣ ಗಾಳಿಯಲ್ಲಿ ಡಬ್ಬಿಗೆ ತುಂಬಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ್ದು ಇಡೀ ಮಳೆಗಾಲ ಬಾಳುತ್ತದೆ. ಡಬ್ಬಿ ಯಾವುದನ್ನೂ ಒಣಗಿಸುವುದಿಲ್ಲ. ಮುಚ್ಚುವಾಗ ಒಳಗೆ ಏನಿತ್ತೋ ಅದನ್ನೇ ಹಿಡಿದಿಡುತ್ತದೆ. ನಾನು ಮಳೆಗಾಲವನ್ನೇ ಒಳಗೆ ಹಾಕಿ ಕ್ಲಿಪ್ ಒತ್ತಿದ್ದೆ.

ಇದನ್ನು ಇನ್ನೂ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಕಾರ್ಡು ಇಡುವವರಲ್ಲಿ ತುಂಬಾ ಜನ "ಏರ್‌ಟೈಟ್ ಅಂದಮೇಲೆ ಸೇಫ್" ಅಂತಲೇ ತಿಳಿದಿದ್ದಾರೆ. ಹತ್ತು ಲೀಟರ್ ಡಬ್ಬಿಯ ಗಾಳಿಯಲ್ಲಿ ಮಳೆಗಾಲದಲ್ಲೂ ಇರುವ ನೀರು ಕಾಲು ಗ್ರಾಮಿನ ಆಸುಪಾಸು ಮಾತ್ರ. ಅದು ಏನೂ ಅಲ್ಲ. ನೀರು ಇರುವುದು ಕಾರ್ಡಿನೊಳಗೆ. ಒಂದು ಕಾರ್ಡಿನ ತೂಕ ಎರಡು ಗ್ರಾಮಿಗಿಂತ ಸ್ವಲ್ಪ ಕಡಿಮೆ. ಮುನ್ನೂರು ಕಾರ್ಡು ಅಂದರೆ ಹತ್ತಿರ ಹತ್ತಿರ ಅರ್ಧ ಕೆಜಿ ಕಾಗದ. ಒದ್ದೆ ಗಾಳಿಯಲ್ಲಿ ಬಿಟ್ಟ ಕಾಗದ ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ನೀರು ಕುಡಿದಿರುತ್ತದೆ. ಒಣ ಕೋಣೆಯಲ್ಲಿ ಅದು ಆರೇಳಕ್ಕೆ ಇಳಿಯುತ್ತದೆ. ಅಂದರೆ ಒದ್ದೆ ಗಾಳಿಯಲ್ಲಿ ಹದಿನೈದು ದಿನ ಮೇಜಿನ ಮೇಲಿದ್ದ ಮುನ್ನೂರು ಕಾರ್ಡು ಇಪ್ಪತ್ತು ಗ್ರಾಮಿಗೂ ಜಾಸ್ತಿ ನೀರು ಕುಡಿದಿರುತ್ತವೆ. ಸ್ಲೀವ್ ಇದನ್ನು ತಡೆಯುವುದಿಲ್ಲ, ಅದರ ಬಾಯಿ ತೆರೆದೇ ಇರುತ್ತದೆ. ಇನ್ನು ಶೂ ಪೆಟ್ಟಿಗೆಯ ಪೊಟ್ಟಣ ಎರಡೆರಡು ಗ್ರಾಂ. ಎಂಟೂ ಹೊಸದಾಗಿದ್ದರೂ ನಾಲ್ಕೈದು ಗ್ರಾಂ ನೀರು ಹೀರುತ್ತಿದ್ದವು, ಅಷ್ಟೇ. ಆದರೆ ಅವು ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದು ಆಗಲೇ ಹೊಟ್ಟೆ ತುಂಬಿಸಿಕೊಂಡಿದ್ದವು. ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಫಾಯಿಲ್ ಕಾರ್ಡೇ ಯಾಕೆ ಮುದುಡುತ್ತದೆ ಅಂತ ಕೇಳಬಹುದು. ಮುಂದೆ ಹೊಳೆಯುವ ಪದರ, ಹಿಂದೆ ಕಾಗದ. ಕಾಗದ ನೀರು ಕುಡಿದು ಹಿಗ್ಗುತ್ತದೆ, ಹೊಳೆಯುವ ಪದರ ಹಿಗ್ಗುವುದಿಲ್ಲ. ಹಿಂಭಾಗ ದೊಡ್ಡದಾಯಿತು, ಮುಂಭಾಗ ಹಾಗೇ ಉಳಿಯಿತು, ಕಾರ್ಡು ಮುಖದ ಕಡೆಗೆ ಬಗ್ಗಿತು. ತೀರಾ ಒಣಗಿದರೆ ಇದೇ ಉಲ್ಟಾ ಆಗಿ ನಡು ಉಬ್ಬುತ್ತದೆ. ಹಾಗಾಗಿ ನಿಮ್ಮ ಕಾರ್ಡು ಮೇಲ್ಮುಖ ಮಾಡಿ ಮೇಜಿನ ಮೇಲಿಡಿ. ಅಂಚು ಎದ್ದಿದ್ದರೆ ತೇವ ಜಾಸ್ತಿ, ನಡು ಎದ್ದಿದ್ದರೆ ಒಣಗಿದ್ದು ಜಾಸ್ತಿ. ಮುದುಡಿದ್ದನ್ನು ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್, ಬಿಸಿಲಿನಿಂದ ಸರಿಮಾಡಲು ಹೋಗಬೇಡಿ. ನಾನು ಬೆಂಗಳೂರಿಗೆ ವಾಪಸ್ ತಂದು, ಚಳಿಗಾಲದ ಒಣ ಗಾಳಿಯಲ್ಲಿ ಎರಡು ರಟ್ಟುಗಳ ನಡುವೆ ಹಗುರವಾದ ಭಾರ ಇಟ್ಟು ಒಂದು ತಿಂಗಳು ಬಿಟ್ಟೆ. ಹೆಚ್ಚಿನವು ತಾವಾಗಿಯೇ ಚಪ್ಪಟೆಯಾದವು. ಬೂಸ್ಟಿನ ಕಲೆ ಮಾತ್ರ ಹೋಗಲಿಲ್ಲ, ಅದು ಹೋಗುವುದೇ ಇಲ್ಲ.

ಈಗ ನೀವು ಮಾಡಬೇಕಾದ್ದು. ಮೊದಲು ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ತನ್ನಿ. ಗಾಳಿಯ ತೇವ ನೂರಕ್ಕೆ ಎಷ್ಟು ಅಂತ ತೋರಿಸುತ್ತದೆ, ಐನೂರು ರೂಪಾಯಿಯೊಳಗೆ ಸಿಗುತ್ತದೆ. ಬೈಂಡರಿಗಿಂತ ಮೊದಲು ಇದು. ಕಾರ್ಡುಗಳನ್ನು ಎಸಿ ಕೋಣೆಯಲ್ಲಿ, ಡ್ರೈ ಮೋಡ್ ಹಾಕಿ, ಒಂದು ವಾರ ಬಿಡಿಬಿಡಿಯಾಗಿ ಇಡಿ. ಮೀಟರ್ 45ರಿಂದ 50ರ ನಡುವೆ ನಿಂತಿರಬೇಕು. ಡಬ್ಬಿಗೆ ಹಾಕುವುದೇ ಆದರೆ ಅದೇ ಕೋಣೆಯಲ್ಲಿ ಹಾಕಿ, ಅಲ್ಲೇ ಮುಚ್ಚಿ. ಸಿಲಿಕಾ ಜೆಲ್ ಅರ್ಧ ಕೆಜಿ ಕೊಳ್ಳಿ, ಬಣ್ಣ ಬದಲಾಗುವ ಕಿತ್ತಳೆ ಕಾಳಿನದ್ದು. ತೇವ ತುಂಬಿದಾಗ ಹಸಿರಾಗುತ್ತದೆ. ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಅಡುಗೆಯ ಪಾತ್ರೆ ಮಾತ್ರ ಬಳಸಬೇಡಿ. ನೀಲಿಯಿಂದ ಗುಲಾಬಿಯಾಗುವ ಕಾಳೂ ಸಿಗುತ್ತದೆ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡ. ಕಾಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಒಂದು ಮೂಲೆಯಲ್ಲಿಡಿ, ಕಾರ್ಡಿಗೆ ತಾಗಬಾರದು. ಮೀಟರನ್ನೂ ಡಬ್ಬಿಯೊಳಗೇ ಇಡಿ. 55 ದಾಟಿದರೆ ಕಾಳು ಬದಲಿಸಿ, 40ಕ್ಕಿಂತ ಇಳಿದರೆ ಸ್ವಲ್ಪ ಕಾಳು ತೆಗೆಯಿರಿ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆಯೇ ಒದ್ದೆ.

ಇಷ್ಟಾದ ಮೇಲೆ ಬೈಂಡರ್ ಮಾತು. ನನ್ನ ಮಟ್ಟಿಗೆ ಬೈಂಡರೇ ಸರಿ. ಕಾರ್ಡು ಇರುವುದು ತೆಗೆದು ನೋಡೋಕೆ ಅಲ್ವಾ? ಒಂಬತ್ತು ಪಾಕೆಟಿನದ್ದು, ಪಕ್ಕದಿಂದ ಹಾಕುವಂಥದ್ದು, ಜಿಪ್ ಇರುವಂಥದ್ದು ತಗೊಳ್ಳಿ. ಒಳಗೆ ದುಂಡು ಉಂಗುರ ಇರುವ ಫೈಲ್ ಬೇಡವೇ ಬೇಡ, ಒಳಸಾಲಿನ ಕಾರ್ಡುಗಳಿಗೆ ಉಂಗುರ ಒತ್ತಿ ಗೆರೆ ಬೀಳುತ್ತದೆ. ಹಾಳೆ ಪಾಲಿಪ್ರೊಪಿಲೀನ್‌ನದ್ದೇ ಆಗಿರಲಿ. ತೆಗೆದ ಕೂಡಲೇ ಹೊಸ ರೇನ್‌ಕೋಟಿನ ವಾಸನೆ ಹೊಡೆದರೆ ಅದು ಮೆತ್ತನೆಯ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಹಾಕಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ಕಾರ್ಡಿಗೆ ಅಂಟುತ್ತದೆ. ಬೈಂಡರನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ. ಟಾಪ್‌ಲೋಡರ್ ಬೇಕಾಗುವುದು ಅಂಚೆಯಲ್ಲಿ ಕಳಿಸುವಾಗ, ಮತ್ತೆ ನಾಲ್ಕೈದು ಪ್ರೀತಿಯ ಕಾರ್ಡಿಗೆ. ಅದಕ್ಕೂ ಮೊದಲು ಪೆನ್ನಿ ಸ್ಲೀವ್ (ಅಗ್ಗದ ತೆಳು ಸ್ಲೀವ್) ಹಾಕಲೇಬೇಕು. ಬರಿ ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್‌ಗೆ ಜಾರಿಸಿದರೆ ಗೀರು ಗ್ಯಾರಂಟಿ.

ಗ್ರೇಡಿಂಗ್ ಬೇಡ ಅನ್ನುತ್ತೇನೆ. ಪಿಎಸ್‌ಎ ಥರದ ಗ್ರೇಡಿಂಗ್ ಕಂಪನಿಯವರು ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವೆ ಕೂತಿದೆಯೇ ಅನ್ನೋದನ್ನೆಲ್ಲ ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು ಸ್ಲ್ಯಾಬ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಹಾಕಿ ಕೊಡುತ್ತಾರೆ. ಕಾರ್ಡು ಹೊರದೇಶಕ್ಕೆ ಹೋಗಿ ಬರಬೇಕು. ಫೀಸು, ಕೊರಿಯರು, ಕಸ್ಟಮ್ಸು ಎಲ್ಲ ಕೂಡಿಸಿದರೆ ನಿಮ್ಮ ಮುನ್ನೂರರಲ್ಲಿ ಎಷ್ಟು ಕಾರ್ಡಿಗೆ ಅಷ್ಟು ಬೆಲೆ ಇದೆ? ಇನ್ನೊಂದು ವಿಷಯ, ಸ್ಲ್ಯಾಬ್ ಗಾಳಿಯಾಡದ್ದಲ್ಲ. ಮಂಗಳೂರಿನ ತೇವ ಅದರೊಳಗೂ ನಿಧಾನಕ್ಕೆ ಹೋಗುತ್ತದೆ. ಅಲ್ಲೂ ಮತ್ತೆ ಮೀಟರೇ ನೋಡಬೇಕು.

"ಹತ್ತು ವರ್ಷ ಬಿಟ್ಟರೆ ಬೆಲೆ ಏರುತ್ತದೆ ಅಲ್ವಾ" ಅಂತಲೂ ಕೇಳಿದ್ದೀರಿ. ಆ ಲೆಕ್ಕದ ಮೇಲೆ ಸಂಗ್ರಹ ಕಟ್ಟಬೇಡಿ. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ 90ರ ದಶಕದ ಶುರುವಿನವರೆಗೆ ಬೇಸ್‌ಬಾಲ್ ಕಾರ್ಡುಗಳನ್ನು ಇದೇ ನಂಬಿಕೆಯಲ್ಲಿ ಜನ ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಕಂಪನಿಗಳು ಲೆಕ್ಕವಿಲ್ಲದೆ ಅಚ್ಚು ಹಾಕಿದ್ದವು. ಎಲ್ಲರ ಮನೆಯಲ್ಲೂ ಜೋಪಾನವಾಗಿ ಉಳಿದ ಕಾರ್ಡಿಗೆ ಬೆಲೆ ಎಲ್ಲಿಂದ ಬರಬೇಕು? ಮತ್ತೊಂದು ಕಡೆ ಟಾಪ್ಸ್ ಕಂಪನಿಯ 1952ರ ಕಾರ್ಡೊಂದು, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ದು, 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಅದು ಹೊರಬಂದ ಕಾಲದಲ್ಲಿ ಯಾರೂ ಕಾರ್ಡನ್ನು ಜೋಪಾನ ಮಾಡುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಉಳಿದದ್ದೇ ಬೆರಳೆಣಿಕೆಯಷ್ಟು. ಈಗ ನಾವೆಲ್ಲ ಪ್ಯಾಕ್ ಒಡೆದ ಕ್ಷಣವೇ ಸ್ಲೀವ್ ಹಾಕುತ್ತೇವೆ. ನಿಮಗೆ ನೋಡಿದರೆ ಖುಷಿಯಾಗುವ ಕಾರ್ಡು ಇಟ್ಟುಕೊಳ್ಳಿ, ಉಳಿದದ್ದನ್ನು ಪಕ್ಕದ ಮನೆ ಮಕ್ಕಳಿಗೆ ಆಡಲು ಕೊಡಿ. ನಾನು ಹಾಗೇ ಮಾಡಿ ಎಂಬತ್ತಕ್ಕೆ ಇಳಿಸಿದ್ದೇನೆ. ಎಂಬತ್ತನ್ನು ಒಣಗಿಸಿಡುವುದು ಮುನ್ನೂರಕ್ಕಿಂತ ಎಷ್ಟೋ ಸುಲಭ. ಚಾರಿಜಾರ್ಡ್ ಬೈಂಡರಿನ ಮೊದಲ ಪುಟದಲ್ಲೇ ಇದೆ, ಆ ಅಕ್ಕಿ ಕಾಳಿನ ಗುರುತಿನ ಜೊತೆಗೆ.

ಇನ್ನು ನಿಮ್ಮ ಅಣ್ಣನ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳ (ಕ್ರಿಕೆಟ್ ಆಟಗಾರರದ್ದು) ಕಟ್ಟು. ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೀರಿ ಅಂದಿರಲ್ಲ, ಅದನ್ನು ಇವತ್ತೇ ಬಿಚ್ಚಿ. ಸೆಕೆ ಮತ್ತು ತೇವಕ್ಕೆ ರಬ್ಬರ್ ಕರಗಿ ಮೇಲಿನ ಕಾರ್ಡಿಗೆ ಅಂಟಿ ಕೂರುತ್ತದೆ, ಬಿಗಿಗೆ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಈಗಾಗಲೇ ಅಂಟಿದ್ದರೆ ಎಳೆಯಬೇಡಿ. ಕಟ್ಟನ್ನು ಎರಡು ದಿನ ಎಸಿ ಕೋಣೆಯಲ್ಲಿ ಒಣಗಲು ಬಿಟ್ಟು, ಆಮೇಲೆ ಒಂದು ತುದಿಯಿಂದ ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ಅಣ್ಣ ಊರಿಗೆ ಬರುವವರೆಗೆ ಕಾಯಬೇಡಿ.