ಕೀಮೋ ಜೊತೆಗೆ ನ್ಯಾಚುರೋಪತಿ ಮಾಡಿಸಬಹುದಾ?

ನಿಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್, ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧ ಶುರುವಾಗಿದೆ, ಸುಸ್ತು ಮತ್ತು ವಾಕರಿಕೆ ಜಾಸ್ತಿ ಅಂತ ಬರೆದಿದ್ದೀರಿ. ಯಾರೋ ನ್ಯಾಚುರೋಪತಿ ಹೇಳಿದ್ದಾರೆ. ಡಾಕ್ಟರ್ ಬೈತಾರೆ ಅಂತ ಅಕ್ಕ ಅವರಿಗೆ ತಿಳಿಸಿಲ್ಲ. ಎರಡೂ ಒಟ್ಟಿಗೆ ಮಾಡಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್. ಯಾವ ಔಷಧ ಯಾವುದರ ಜೊತೆ ಆಗಿಬರಲ್ಲ ಅಂತ ನೋಡುವುದೇ ನನ್ನ ಕೆಲಸ. ಹಾಗಾಗಿ ನನ್ನ ಉತ್ತರ ಸ್ವಲ್ಪ ಎಚ್ಚರಿಕೆಯ ಕಡೆಗೇ ವಾಲುತ್ತದೆ: ಮಾಡಿಸಬಹುದು. ಆದರೆ ಮೈಗೆ ಮಾಡುವುದು ಬೇರೆ, ಬಾಯಿಗೆ ಹಾಕಿಕೊಳ್ಳುವುದು ಬೇರೆ. ನಡಿಗೆ, ಯೋಗ, ಮಸಾಜ್ ಇಂಥವು ಸ್ವಲ್ಪ ಎಚ್ಚರ ವಹಿಸಿದರೆ ಹೆಚ್ಚಿನವರಿಗೆ ಒಳ್ಳೆಯದೇ. ಮಾತ್ರೆ, ಪುಡಿ, ಸಾರ, ಡ್ರಿಪ್ ಇವುಗಳನ್ನು ಕೀಮೋ ತಂಡಕ್ಕೆ ಕೇಳದೆ ಶುರು ಮಾಡಲೇಬಾರದು.

ಕೀಮೋ ಬಿಟ್ಟು ಇದನ್ನೇ ಮಾಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2018ರಲ್ಲಿ ಅಮೆರಿಕದ ರೋಗಿಗಳ ಒಂದು ಅಧ್ಯಯನ ಪ್ರಕಟವಾಯಿತು. ಬೇರೆ ಕಡೆಗೆ ಹರಡದ ಕ್ಯಾನ್ಸರ್ ಇದ್ದೂ ಬರೀ ಪರ್ಯಾಯ ಚಿಕಿತ್ಸೆ ನಂಬಿಕೊಂಡವರಲ್ಲಿ ಸಾವಿನ ಅಪಾಯ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸುಮಾರು 2.5 ಪಟ್ಟು. ಸ್ತನ ಕ್ಯಾನ್ಸರ್ ಒಂದನ್ನೇ ನೋಡಿದರೆ 5 ಪಟ್ಟಿಗೂ ಜಾಸ್ತಿ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ, ಯಾಕೆಂದರೆ ಅದು ಎರಡನ್ನೂ ಜೊತೆಜೊತೆಗೆ ಮಾಡಿಸಿದವರ ಬಗ್ಗೆ. ಅವರಲ್ಲಿ ಆಪರೇಷನ್, ರೇಡಿಯೇಷನ್, ಹಾರ್ಮೋನ್ ಮಾತ್ರೆ ಯಾವುದಾದರೊಂದನ್ನು ಬೇಡ ಅಂದವರು ಜಾಸ್ತಿ ಇದ್ದರು, ಮತ್ತು ಸಾವಿನ ಅಪಾಯ ಹೆಚ್ಚಾಗಿದ್ದೂ ಆ ನಿರಾಕರಣೆಯಿಂದಲೇ ಅನ್ನೋ ಹಾಗೆ ಕಂಡಿತು. ಒಂದೇ ಸಲ ಎಲ್ಲವನ್ನೂ ಬಿಡುವವರು ಕಡಿಮೆ. ಒಂದೊಂದಾಗಿ ಕೈಬಿಡುತ್ತಾರೆ. ಅದನ್ನು ಗಮನಿಸುತ್ತಿರಿ.

ಈಗ ಬಾಯಿಗೆ ಹಾಕಿಕೊಳ್ಳುವುದರ ವಿಷಯ. "ನೀವು ಏನೇನು ತಗೋತೀರೋ ಎಲ್ಲಾ ತನ್ನಿ" ಅಂದರೆ ಜನ ಚೀಲ ತಂದು ನನ್ನ ಟೇಬಲ್ ಮೇಲೆ ಸುರಿಯುತ್ತಾರೆ. ಲೇಬಲ್ ತಿರುಗಿಸಿ ಸಣ್ಣ ಅಕ್ಷರ ಓದಿದರೆ ನಾಲ್ಕು ಡಬ್ಬಿಯಲ್ಲಿ ಮೂರರಲ್ಲಿ ಅದೇ ವಿಟಮಿನ್ ಮತ್ತೆ ಮತ್ತೆ ಇರುತ್ತದೆ. ಕೂದಲಿಗೆ ಅಂತ ತಗೊಂಡ ಮಾತ್ರೆಯಲ್ಲಿ ಬಯೋಟಿನ್ ಅನ್ನೋ ವಿಟಮಿನ್ ಇರುತ್ತದೆ. ಅದು ಜಾಸ್ತಿಯಾದರೆ ಥೈರಾಯ್ಡ್, ಹೃದಯದ ಟ್ರೋಪೋನಿನ್ ಇಂಥ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು. ಕೀಮೋ ರೋಗಿಗೆ ರಕ್ತಪರೀಕ್ಷೆ ತಪ್ಪಿದರೆ ಮುಂದಿನದ್ದೆಲ್ಲಾ ತಪ್ಪುತ್ತದೆ, ಅಲ್ವಾ?

ಅಕ್ಕನಿಗೆ ನೇರವಾಗಿ ಸಂಬಂಧಪಟ್ಟದ್ದು ಒಂದಿದೆ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಜೋಮು ಹಿಡಿಯುತ್ತದೆ. ಅದನ್ನು ತಡೆಯಲು ಅಸಿಟೈಲ್-ಎಲ್-ಕಾರ್ನಿಟಿನ್ ಅನ್ನೋ ಸಪ್ಲಿಮೆಂಟ್ ಕೊಡುತ್ತಿದ್ದರು. 2013ರಲ್ಲಿ ಸ್ತನ ಕ್ಯಾನ್ಸರ್ ಇರುವ 409 ಮಹಿಳೆಯರ ಮೇಲಿನ ಪ್ರಯೋಗದ ಫಲಿತಾಂಶ ಬಂತು. 24 ವಾರಗಳ ಹೊತ್ತಿಗೆ, ಸಪ್ಲಿಮೆಂಟ್ ತಗೊಂಡವರ ಜೋಮು ತಗೊಳ್ಳದವರಿಗಿಂತ ಜಾಸ್ತಿಯೇ ಆಗಿತ್ತು. ನರಕ್ಕೆ ಒಳ್ಳೆಯದು ಅಂತ ಕೊಟ್ಟಿದ್ದು ನರಕ್ಕೇ ಕೆಟ್ಟದ್ದು ಮಾಡಿತು.

ಸೇಂಟ್ ಜಾನ್ಸ್ ವರ್ಟ್ ಅಂತ ಮನಸ್ಸಿನ ಬೇಸರಕ್ಕೆ ಕೊಡುವ ಒಂದು ಮೂಲಿಕೆ ಇದೆ. ಇರಿನೋಟೆಕಾನ್ ಅನ್ನೋ ಕೀಮೋ ಔಷಧ ದೇಹದೊಳಗೆ ಇನ್ನೊಂದು ರೂಪಕ್ಕೆ ತಿರುಗಿ ಕೆಲಸ ಮಾಡುತ್ತದೆ. ಈ ಮೂಲಿಕೆ ತಗೊಂಡವರ ರಕ್ತದಲ್ಲಿ ಆ ರೂಪ 42% ಇಳಿದಿದ್ದನ್ನು ಒಂದು ಸಣ್ಣ ಅಧ್ಯಯನ ತೋರಿಸಿತು. ಅಂದರೆ ಕೀಮೋ ಹಾಕಿಸಿಕೊಂಡರೂ ಔಷಧದ ಒಂದಷ್ಟು ಭಾಗ ಸುಮ್ನೆ ಹೋಯಿತು. "ನೈಸರ್ಗಿಕ, ಏನೂ ಆಗಲ್ಲ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಅಕ್ಕನಿಗೆ ಏರಿಸುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮೊದಲು ಸಿಕ್ಕಿದ್ದು ಪೆಸಿಫಿಕ್ ಯೂ ಅನ್ನೋ ಮರದ ತೊಗಟೆಯಲ್ಲಿ.

ವಿಟಮಿನ್ ಸಿ ಡ್ರಿಪ್ ಹಾಕಿಸಿ ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೆ ಅದರಿಂದ ಕೆಂಪು ರಕ್ತಕಣ ಒಡೆದುಹೋಗಬಹುದು. ಕಿಡ್ನಿ ಸರಿ ಇಲ್ಲದವರಿಗೆ ಇನ್ನೂ ಅಪಾಯ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ಗ್ಲುಕೋಮೀಟರ್ ಸುಳ್ಳು ಅಂಕಿ ತೋರಿಸುತ್ತವೆ, ಅದನ್ನು ನಂಬಿ ಇನ್ಸುಲಿನ್ ಜಾಸ್ತಿ ಹಾಕಿಕೊಂಡರೆ ಕಥೆ ಮುಗಿಯಿತು. ಕಾಫಿ ಎನಿಮಾ, ಅಂದರೆ ಗುದದ್ವಾರದಿಂದ ಕಾಫಿ ಏರಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ಗುದದ್ವಾರದೊಳಗೆ ಏನನ್ನೂ ಹಾಕಬಾರದು. ಸೋಂಕು, ರಕ್ತಸ್ರಾವ ಎರಡಕ್ಕೂ ದಾರಿ.

ಉಪವಾಸ, ಬರೀ ಜ್ಯೂಸ್ ಮೇಲಿರುವುದು ಕೀಮೋ ನಡೆಯುವಾಗ ಬೇಡ. ಸಕ್ಕರೆ ಬಿಟ್ಟರೆ ಗೆಡ್ಡೆ ಸೊರಗುತ್ತದೆ ಅನ್ನೋದು ನಿಜವಲ್ಲ. ತಿನ್ನದಿದ್ದರೆ ದೇಹವೇ ಸ್ನಾಯು ಕರಗಿಸಿ ಗ್ಲುಕೋಸ್ ಮಾಡಿಕೊಳ್ಳುತ್ತದೆ. ದಿನಕ್ಕೆ, ದೇಹದ ತೂಕದ ಒಂದು ಕಿಲೋಗೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಇಳಿಯುತ್ತಿದ್ದರೆ ಡಯಟಿಷಿಯನ್‌ಗೆ ತೋರಿಸಿ.

ಇಷ್ಟೆಲ್ಲಾ ಬೇಡ ಬೇಡ ಅಂದೆ. ಹಾಗಾದರೆ ಯಾವುದು ಮಾಡಬಹುದು?

ಸುಸ್ತಿಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ನಡೆಯುವುದು. ಕೇಳಿದರೆ ಸಿಟ್ಟು ಬರುತ್ತದೆ, ಗೊತ್ತು. ಹಾಸಿಗೆಯಿಂದ ಏಳೋಕೇ ಆಗದವರಿಗೆ ನಡೀರಿ ಅನ್ನೋದಾ? ಆದರೂ ಹತ್ತು ನಿಮಿಷದಿಂದ ಶುರು ಮಾಡಿದವರು ಮಲಗಿಯೇ ಇರುವವರಿಗಿಂತ ಚೆನ್ನಾಗಿರುತ್ತಾರೆ. ಕರುಳಿನ ಕ್ಯಾನ್ಸರ್‌ಗೆ ಕೀಮೋ ಮುಗಿಸಿದ 889 ಜನರ ಪ್ರಯೋಗವೊಂದರ ಫಲಿತಾಂಶ 2025ರಲ್ಲಿ ಬಂತು. ತರಬೇತುದಾರರ ಜೊತೆ 3 ವರ್ಷ ವ್ಯಾಯಾಮ ಮಾಡಿದವರಲ್ಲಿ 8 ವರ್ಷದ ನಂತರ ಬದುಕಿದ್ದವರು ಸುಮಾರು 90%, ಸಲಹೆಯ ಪುಸ್ತಿಕೆ ಮಾತ್ರ ಪಡೆದವರಲ್ಲಿ 83%. ಮೂಳೆಗೆ ಹರಡಿದ್ದರೆ ಮಾತ್ರ ಯಾವ ವ್ಯಾಯಾಮ ಸರಿ ಅಂತ ಕೇಳಿಯೇ ಮಾಡಬೇಕು.

ಆತಂಕಕ್ಕೆ, ನಿದ್ದೆಗೆ ಯೋಗ ಮತ್ತು ಧ್ಯಾನ ಖಂಡಿತ ನೋಡಿ. ವಾಕರಿಕೆಗೆ ಡಾಕ್ಟರ್ ಬರೆದ ಮಾತ್ರೆ ಬಿಡದೆ, ಅದರ ಜೊತೆಗೆ ಶುಂಠಿ. ಒಂದು ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 0.5ರಿಂದ 1 ಗ್ರಾಂ ತಗೊಂಡವರಿಗೆ ಕೀಮೋ ದಿನದ ವಾಕರಿಕೆ ಕಡಿಮೆಯಾಯಿತು. ಬೇರೆ ಪ್ರಯೋಗಗಳಲ್ಲಿ ಇಷ್ಟು ಚೆನ್ನಾಗಿ ಕಾಣಲಿಲ್ಲ, ಆದ್ದರಿಂದ ಪವಾಡ ನಿರೀಕ್ಷಿಸಬೇಡಿ. ರಕ್ತ ತೆಳುವಾಗಿಸುವ ಔಷಧ ಇದ್ದರೆ ಶುಂಠಿ, ಅರಿಶಿನದ ಮಾತ್ರೆಗಳ ಬಗ್ಗೆ ಮೊದಲು ಹೇಳಿ. ಮುಂದೆ ಅಕ್ಕನಿಗೆ ಲೆಟ್ರೊಜೋಲ್ ಥರದ ಹಾರ್ಮೋನ್ ಮಾತ್ರೆ ಬಂದು ಕೀಲುನೋವು ಶುರುವಾದರೆ ಆಕ್ಯುಪಂಕ್ಚರ್ ಕೇಳಿ ನೋಡಿ, ಅದಕ್ಕೆ ಒಳ್ಳೆಯ ಪುರಾವೆ ಇದೆ. ಪ್ಲೇಟ್‌ಲೆಟ್ ಕಡಿಮೆ ಇರುವ ವಾರ ಸೂಜಿ ಬೇಡ. ಮಸಾಜ್ ಮಾಡಿಸಿದರೆ ಗೆಡ್ಡೆ ಇರುವ ಜಾಗ ಮತ್ತು ಪೋರ್ಟ್ (ಕೀಮೋ ಏರಿಸಲು ಚರ್ಮದಡಿ ಇಡುವ ಸಾಧನ) ಹಾಕಿದ ಜಾಗ ಮುಟ್ಟಬಾರದು ಅಂತ ಮೊದಲೇ ಹೇಳಿ.

ಡಾಕ್ಟರಿಗೆ ಹೇಳುವುದು ಹೇಗೆ ಅಂತೀರಾ? "ನ್ಯಾಚುರೋಪತಿ ಮಾಡಿಸಲಾ?" ಅಂತ ಕೇಳಿದರೆ ಹೆಚ್ಚಿನ ಡಾಕ್ಟರ್‌ಗಳು "ಬೇಡ" ಅಂದುಬಿಡುತ್ತಾರೆ, ಯಾಕೆಂದರೆ ಅದರಲ್ಲಿ ಏನೇನಿದೆ ಅಂತ ಅವರಿಗೆ ತಿಳಿಯುವುದಿಲ್ಲ. ಅದರ ಬದಲು ಪ್ರತಿ ಡಬ್ಬಿಯ ಎರಡೂ ಬದಿಯ ಫೋಟೋ ತೆಗೆದುಕೊಂಡು ಹೋಗಿ. ಎಷ್ಟು, ಯಾವ ಹೊತ್ತಿಗೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಡಾಕ್ಟರ್ ಬಳಿ ಸಮಯ ಇಲ್ಲದಿದ್ದರೆ ಫಾರ್ಮಸಿಸ್ಟ್ ಅಥವಾ ಕೀಮೋ ನರ್ಸ್ ಹತ್ತಿರ ಕೊಡಿ, ನಾವು ಬೈಯಲ್ಲ. ನ್ಯಾಚುರೋಪತಿಯವರಿಗೂ ಕೀಮೋ ಔಷಧಗಳ ಪಟ್ಟಿ ತೋರಿಸಿ. ಕ್ಯಾನ್ಸರ್ ಡಾಕ್ಟರಿಗೆ ಒಂದು ಪತ್ರ ಬರೆದುಕೊಡಿ ಅಂತ ಕೇಳಿ. ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಥರ್ಮಾಮೀಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಮಾಡುತ್ತಾ ಬೆಳಗಾಗಲಿ ಅಂತ ಕಾಯಬೇಡಿ. ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.