ಹೊಸ ಮನೆಯ ಮಲಗುವ ಕೋಣೆಯ ಗೋಡೆಗೆ ಸ್ಮಾರ್ಟ್ ಮೀಟರ್ ಬಂದರೆ ಆರೋಗ್ಯಕ್ಕೆ ತೊಂದರೆಯೇ?

ಮಡಿಕೇರಿಯ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿರುವುದಾಗಿಯೂ, ಹೊಸ ವಿದ್ಯುತ್ ಸಂಪರ್ಕಕ್ಕೆ, ಬಳಕೆಯ ಲೆಕ್ಕವನ್ನು ರೇಡಿಯೋ ತರಂಗದ ಮೂಲಕ ತಾನೇ ಕಳುಹಿಸುವ ನಿಸ್ತಂತು ಸ್ಮಾರ್ಟ್ ಮೀಟರನ್ನೇ ಅಳವಡಿಸುತ್ತಾರೆಂದು ಗುತ್ತಿಗೆದಾರರು ಹೇಳಿರುವುದಾಗಿಯೂ ಬರೆದಿದ್ದೀರಿ. ಮೀಟರಿಗೆ ಗುರುತಿಸಿರುವ ಜಾಗ ನಿಮ್ಮ ಅತ್ತೆಯವರು ಮಲಗುವ ಕೋಣೆಯ ಗೋಡೆಯ ಹೊರಮೈ. ಅವರಿಗೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತವನ್ನು ಕ್ರಮದಲ್ಲಿಡಲು ದೇಹದೊಳಗೆ ಅಳವಡಿಸುವ ಸಾಧನ, ಇದೆ. ಈ ಮೀಟರಿನಿಂದ ಕ್ಯಾನ್ಸರ್ ಬರುತ್ತದೆಂಬ ಸಂದೇಶ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದೆ. ಇದು ನಿಜವೇ, ನಿಜವಲ್ಲದಿದ್ದರೆ ಇದನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಯಾವುದು ಎಂಬುದು ನಿಮ್ಮ ಪ್ರಶ್ನೆ.

ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು, ಈಗ ವಿರಾಜಪೇಟೆಯ ಕಡೆ ಸಣ್ಣ ಕಾಫಿ ತೋಟ ನೋಡಿಕೊಂಡಿದ್ದೇನೆ. ವೈದ್ಯನಲ್ಲ. ಆದ್ದರಿಂದ ತರಂಗಗಳ ಲೆಕ್ಕವನ್ನು ನಾನು ಹೇಳಬಲ್ಲೆ. ಪೇಸ್‌ಮೇಕರಿನ ವಿಷಯದಲ್ಲಿ ಕೊನೆಯ ಮಾತು ಅದನ್ನು ಅಳವಡಿಸಿದ ಹೃದ್ರೋಗ ತಜ್ಞರದ್ದೇ ಆಗಬೇಕು.

ಮೊದಲು ಲೆಕ್ಕ. ನಮ್ಮ ದೇಶದ ಸ್ಮಾರ್ಟ್ ಮೀಟರುಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಸಂದೇಶ ಕಳುಹಿಸುತ್ತವೆ. ಕೆಲವು ಮೀಟರುಗಳಲ್ಲಿ ಮೊಬೈಲ್ ಫೋನಿನಂತೆಯೇ ಸಿಮ್ ಇರುತ್ತದೆ. ಉಳಿದವು ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳಲ್ಲಿ ನೆರೆಮನೆಯ ಮೀಟರುಗಳ ಮೂಲಕ ಒಂದರಿಂದ ಒಂದಕ್ಕೆ ಮಾಹಿತಿ ದಾಟಿಸುತ್ತವೆ. ಈ ಎರಡನೆಯ ಬಗೆಯ ಸಾಧನದ ಪ್ರಸಾರಕಕ್ಕೆ ಇರುವ ಗರಿಷ್ಠ ಮಿತಿ 1 ವ್ಯಾಟ್. ಆ 1 ವ್ಯಾಟ್ ಎಲ್ಲ ದಿಕ್ಕಿಗೂ ಸಮನಾಗಿ ಹರಡಿತೆಂದು ಭಾವಿಸಿದರೆ, 1 ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 0.08 ವ್ಯಾಟ್ ಬೀಳುತ್ತದೆ, 3 ಮೀಟರ್ ದೂರದಲ್ಲಿ ಅದರ ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಇದನ್ನು ಯಾವುದರೊಂದಿಗೆ ಹೋಲಿಸಬೇಕು? ರೇಡಿಯೋ ತರಂಗದಂಥ ಅಯಾನೀಕರಿಸದ ವಿಕಿರಣದ ಕುರಿತ ಅಂತರರಾಷ್ಟ್ರೀಯ ಆಯೋಗವು 900 ಮೆಗಾಹರ್ಟ್ಸಿಗೆ ಸೂಚಿಸಿರುವ ಮಿತಿ ಪ್ರತಿ ಚದರ ಮೀಟರಿಗೆ 4.5 ವ್ಯಾಟ್. ಭಾರತದ ದೂರಸಂಪರ್ಕ ಇಲಾಖೆ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳಿಗೆ ಅದರ ಹತ್ತನೇ ಒಂದು ಭಾಗವನ್ನು, ಅಂದರೆ 0.45 ವ್ಯಾಟನ್ನು, ಮಿತಿಯಾಗಿ ಜಾರಿಗೆ ತಂದಿತು. ಗೋಪುರದ ಆ ಬಿಗಿಯಾದ ಅಳತೆಗೋಲನ್ನೇ ಮೀಟರಿಗೂ ಹಿಡಿದರೆ, ಸಂದೇಶ ಕಳುಹಿಸುತ್ತಿರುವ ಕ್ಷಣದಲ್ಲಿಯೂ 1 ಮೀಟರ್ ದೂರದಲ್ಲಿ ಸಿಗುವುದು ಮಿತಿಯ ಐದನೇ ಒಂದು ಪಾಲಿಗೂ ಕಡಿಮೆ.

ಅದೂ ಕೂಡ ದಿನವಿಡೀ ಅಲ್ಲ. ಮೀಟರು ಮಾತನಾಡುವುದು ಬಿಟ್ಟು ಬಿಟ್ಟು, ಒಂದೊಂದು ಸಲಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ನೆರೆಮನೆಗಳ ಸಂದೇಶವನ್ನೂ ಹೊತ್ತು ದಾಟಿಸುತ್ತದೆಂದು ಉದಾರವಾಗಿ ದಿನಕ್ಕೆ 15 ನಿಮಿಷ ಎಂದೇ ಹಿಡಿದರೂ ಅದು ದಿನದ ನೂರರಲ್ಲಿ ಒಂದು ಭಾಗ. ಆದ್ದರಿಂದ ಸರಾಸರಿ ಪ್ರಮಾಣ ಮೇಲಿನ ಅಂಕಿಗಿಂತ ನೂರು ಪಟ್ಟು ಇಳಿಯುತ್ತದೆ. ಇದರ ನಡುವೆ ಆರಿಂಚಿನ ಕಾಂಕ್ರೀಟ್ ಬ್ಲಾಕಿನ ಗೋಡೆಯೂ ಇದೆ. ಕಿವಿಗೆ ಒತ್ತಿ ಹಿಡಿಯುವ ಫೋನಿನಿಂದ ತಲೆಗೆ ತಲುಪುವ ಪ್ರಮಾಣದ ಮುಂದೆ ಇದು ಯಾವ ಲೆಕ್ಕಕ್ಕೂ ಬಾರದು.

ಇಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಸಿಮ್ ಇರುವ ಮೀಟರಾದರೆ, ಸಂಕೇತ ದುರ್ಬಲವಾಗಿರುವ ಕಡೆ ಅದರ ಮೋಡೆಮ್ ಫೋನಿನಂತೆಯೇ ತನ್ನ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿಕೊಳ್ಳುತ್ತದೆ, ವಿಫಲವಾದ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಗಾಳಿಬೀಡು, ಭಾಗಮಂಡಲದ ಕಡೆಯ ಕಣಿವೆಗಳಲ್ಲಿ ಫೋನು ಹಿಡಿದು ಅಂಗಳದ ಮೂಲೆಗೆ ಓಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೂ 4ಜಿ ಮೋಡೆಮಿನ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್ ಮಾತ್ರವಾದ್ದರಿಂದ ಮೇಲಿನ ಲೆಕ್ಕ ಕೆಡುವುದಿಲ್ಲ.

ಇನ್ನು ಕ್ಯಾನ್ಸರಿನ ಸಂದೇಶದ ಮೂಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ 31ರಂದು ರೇಡಿಯೋ ತರಂಗಗಳನ್ನು ‘2ಬಿ’ ಗುಂಪಿಗೆ, ಅಂದರೆ ‘ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇದ್ದೀತು’ ಎಂಬ ಗುಂಪಿಗೆ ಸೇರಿಸಿತು. ಸಂದೇಶ ಬರೆದವರು ಇದನ್ನು ಸುಳ್ಳಾಗಿ ಹೇಳಿಲ್ಲ, ಅರ್ಧ ಹೇಳಿದ್ದಾರೆ. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ತಿಳಿಸುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅದೇ 2ಬಿ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ. ಕೊಡಗಿನವರು ತಿಳಿದಿರಬೇಕಾದ ಸಂಗತಿಯೆಂದರೆ, 1991ರಿಂದ 2016ರವರೆಗೆ ನಮ್ಮ ಕಾಫಿಯೂ ಮೂತ್ರಕೋಶದ ಕ್ಯಾನ್ಸರಿನ ಸಂಶಯದಿಂದ ಅಲ್ಲೇ ಕುಳಿತಿತ್ತು. 2016ರಲ್ಲಿ ಸಾಕ್ಷ್ಯವನ್ನು ಮರಳಿ ಪರಿಶೀಲಿಸಿ ಕಾಫಿಯನ್ನು ಅಲ್ಲಿಂದ ಕೆಳಗಿಳಿಸಿದರು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಮಾತ್ರ ಅದಕ್ಕಿಂತ ಮೇಲಿನ ‘2ಎ’ ಗುಂಪಿಗೆ ಹಾಕಿದರು. ಅಂದರೆ ಆ ಪಟ್ಟಿಯ ಪ್ರಕಾರ ಕೊತಕೊತ ಕುದಿಯುವ ಲೋಟದ ಮೇಲಿನ ಸಾಕ್ಷ್ಯ ಮೀಟರಿನ ಮೇಲಿನ ಸಾಕ್ಷ್ಯಕ್ಕಿಂತ ಗಟ್ಟಿ.

ಸಂಶಯಕ್ಕೆ ಆಧಾರವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ದೀರ್ಘಕಾಲ ಫೋನನ್ನು ಕಿವಿಗಿಟ್ಟು ಮಾತನಾಡಿದವರ ಮೇಲಿನ ಅಧ್ಯಯನಗಳು 2011ರ ತೀರ್ಮಾನಕ್ಕೆ ಕಾರಣವಾಗಿದ್ದವು. 2018ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ದಿನಕ್ಕೆ ಒಟ್ಟು 9 ಗಂಟೆ ಕಾಲ, ಎರಡು ವರ್ಷ, ಇಡೀ ದೇಹಕ್ಕೆ ತೀವ್ರ ತರಂಗ ತಾಗಿಸಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳನ್ನು ಕಂಡಿತು. ಆ ಪ್ರಮಾಣಕ್ಕೂ ಗೋಡೆಯಾಚೆಯ ಮೀಟರಿಗೂ ಹೋಲಿಕೆಯೇ ಇಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಸಮಗ್ರ ಪರಾಮರ್ಶೆಯಂತೂ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲವೆಂದಿತು. ತಲೆನೋವು, ನಿದ್ರೆ ಬಾರದಿರುವುದು ಮುಂತಾದ ದೂರುಗಳ ಬಗ್ಗೆ ಅದೇ ಸಂಸ್ಥೆ 2005ರಲ್ಲಿಯೇ ಹೇಳಿದ್ದು ನನಗೆ ಸರಿಯೆನಿಸುತ್ತದೆ: ಆ ನೋವು ನಿಜ, ಆದರೆ ಅದಕ್ಕೆ ತರಂಗವೇ ಕಾರಣವೆನ್ನಲು ವೈಜ್ಞಾನಿಕ ಆಧಾರವಿಲ್ಲ.

ಇದೇ ಮಾತು ನಮ್ಮಲ್ಲಿ ಜೇನಿನ ವಿಷಯದಲ್ಲಿಯೂ ಬರುವುದರಿಂದ ಒಂದು ಸಾಲು ಹೆಚ್ಚು ಬರೆಯುತ್ತೇನೆ. ಗೋಪುರ ಬಂದು ಕೊಡಗಿನ ಜೇನು ಹೋಯಿತು ಎನ್ನುವವರು ಬಹಳ. ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದು 1991-92ರಲ್ಲಿ ಹರಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರಲ್ಲಿ.

ಪೇಸ್‌ಮೇಕರ್ ಇರುವವರು ಮೊಬೈಲ್ ಫೋನನ್ನು ಆ ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿಡಬೇಕೆಂಬುದು ಸಾಮಾನ್ಯ ಸಲಹೆ. ಗೋಡೆಯ ಹೊರಗಿನ ಮೀಟರು ಅದಕ್ಕಿಂತ ಎಷ್ಟೋ ದೂರದಲ್ಲಿರುತ್ತದೆ. ಆದರೂ ನಿಮ್ಮ ಅತ್ತೆಯವರ ಮುಂದಿನ ತಪಾಸಣೆಯ ದಿನ, ಸಾಧನದ ಮಾದರಿಯ ಚೀಟಿಯನ್ನು ಜೊತೆಗೊಯ್ದು ವೈದ್ಯರನ್ನೇ ಕೇಳಿಬಿಡಿ. ಅವರ ಬಾಯಿಂದ ಬಂದ ಉತ್ತರ ನನ್ನ ಲೆಕ್ಕಕ್ಕಿಂತ ಹೆಚ್ಚು ನೆಮ್ಮದಿ ಕೊಡುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡುವಾಗ ನನಗೂ ಸಮಾಧಾನವಿಲ್ಲ, ಏಕೆಂದರೆ ಹೊಣೆ ಹರಿದು ಹಂಚಿಹೋಗಿದೆ. ಮೀಟರು ಹೇಗಿರಬೇಕೆಂಬುದನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 16444 ಎಂಬ ಮಾನಕದಲ್ಲಿ ಹೇಳುತ್ತದೆ. ಅದರೊಳಗಿನ ರೇಡಿಯೋ ಭಾಗ ದೂರಸಂಪರ್ಕ ಇಲಾಖೆಗೆ ಸೇರಿದ್ದು. ಯಾರಿಗೆ ಯಾವ ಮೀಟರು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ನಿಯಮಾವಳಿಯಲ್ಲಿದ್ದು, 2019ರ ತಿದ್ದುಪಡಿಯಿಂದ ಅದು ಪ್ರಿಪೇಯ್ಡ್ ಸೌಲಭ್ಯವುಳ್ಳ ಸ್ಮಾರ್ಟ್ ಮೀಟರ್ ಆಯಿತು. ದರ ಮತ್ತು ಗ್ರಾಹಕರ ಹಿತ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೈಯಲ್ಲಿದೆ. ನಿಮ್ಮ ಮನೆಗೆ ಮೀಟರು ತಂದು ಕೂರಿಸುವುದು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಈ ಸಾಲಿನಲ್ಲಿ ಆರೋಗ್ಯ ಇಲಾಖೆ ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಿ. ಗೋಪುರದ ಬಗ್ಗೆ ಸಂಶಯವಿದ್ದವರಿಗೆ 2017ರಿಂದ ‘ತರಂಗ್ ಸಂಚಾರ್’ ಜಾಲತಾಣವಿದೆ. ಅಲ್ಲಿ 4,000 ರೂಪಾಯಿ ಶುಲ್ಕ ಕಟ್ಟಿ ತಮ್ಮ ಮನೆಯ ಬಳಿ ವಿಕಿರಣದ ಅಳತೆ ಮಾಡಿಸಬಹುದು. ಮೀಟರಿಗೂ ಅಂಥದೊಂದು ಏರ್ಪಾಡು ಮಾಡಿ, ಹತ್ತು ಊರಿನಲ್ಲಿ ಅಳೆದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಿದ್ದರೆ ವಾಟ್ಸ್‌ಆ್ಯಪ್ ಸಂದೇಶಕ್ಕೆ ಈ ಬಲ ಬರುತ್ತಿರಲಿಲ್ಲ.

ಬೇರೆಡೆ ಜನ ಪಟ್ಟು ಹಿಡಿದು ಕೇಳಿದ್ದರಿಂದ ಉತ್ತರ ಬಂದಿದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಗ್ರಾಹಕರ ಆರೋಗ್ಯದ ಆಕ್ಷೇಪವನ್ನು ಅಲ್ಲಿನ ನಿಯಂತ್ರಣ ಆಯೋಗ ವಿಚಾರಿಸದೆಯೇ ಬದಿಗಿಟ್ಟಾಗ, 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅದನ್ನು ಹಿಂದಕ್ಕೆ ಕಳುಹಿಸಿ, ಸರಿಯಾಗಿ ತೀರ್ಮಾನಿಸಿ ಎಂದಿತು. ಆಯೋಗ ಸಾಕ್ಷ್ಯಗಳನ್ನೆಲ್ಲ ಕೇಳಿ 2014ರಲ್ಲಿ ಅಪಾಯ ಕಾಣುವುದಿಲ್ಲವೆಂದು ಹೇಳಿತು, 2016ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯದ ಆಯೋಗ 2012ರಲ್ಲಿ, ಬೇಡವೆನ್ನುವವರಿಗೆ ಹಳೆಯ ಮೀಟರನ್ನೇ ಉಳಿಸಿಕೊಳ್ಳುವ ಅವಕಾಶ ಕೊಟ್ಟಿತು, ಶುಲ್ಕ ಕಟ್ಟಿಸಿಕೊಂಡೇ. ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯದ ಮಸೂದೆಯನ್ನು ಒಪ್ಪಲಿಲ್ಲ, ಅದಕ್ಕೆ ಕಾರಣ ಖಾಸಗಿತನ. ನಮ್ಮಲ್ಲಿ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಹೊಸ ಸಂಪರ್ಕಕ್ಕೆ ಪ್ರಿಪೇಯ್ಡ್ ಮೀಟರೇ ಇರಬೇಕೆನ್ನುತ್ತವೆ. ವಿನಾಯಿತಿ ಬೇಕಿದ್ದರೆ ರಾಜ್ಯ ಆಯೋಗ ಕಾರಣ ದಾಖಲಿಸಿ ಒಪ್ಪಿಗೆ ಕೊಡಬೇಕು. ಆದ್ದರಿಂದ ಆರೋಗ್ಯದ ಕಾರಣ ಹೇಳಿ ಮೀಟರನ್ನು ತಿರಸ್ಕರಿಸಲು ಹೊರಟರೆ ನಿಮ್ಮ ಶ್ರಮ ವ್ಯರ್ಥವಾಗುವ ಸಂಭವವೇ ಹೆಚ್ಚು.

ಆ ಶ್ರಮವನ್ನು ಬೇರೆ ಕಡೆ ಹಾಕಿ ಎಂಬುದು ನನ್ನ ಸಲಹೆ, ಏಕೆಂದರೆ ಕೊಡಗಿನಂಥ ಜಿಲ್ಲೆಯಲ್ಲಿ ಸ್ಮಾರ್ಟ್ ಮೀಟರಿನಿಂದ ಆರೋಗ್ಯಕ್ಕೆ ಪೆಟ್ಟು ಬೀಳುವುದಾದರೆ ಅದು ತರಂಗದಿಂದಲ್ಲ, ಕರೆಂಟು ಹೋಗುವುದರಿಂದ. ಸಾಮಾನ್ಯ ಬಿಲ್ಲಿನ ಪದ್ಧತಿಯಲ್ಲಿ, ಬಾಕಿ ಉಳಿಸಿಕೊಂಡವರ ಸಂಪರ್ಕ ಕಡಿಯುವ ಮೊದಲು 15 ದಿನಗಳ ನೋಟಿಸು ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಹೇಳುತ್ತದೆ. ಪ್ರಿಪೇಯ್ಡ್ ಪದ್ಧತಿಯಲ್ಲಿ ಹಣ ತೀರಿದರೆ ದೂರದಿಂದಲೇ ಸಂಪರ್ಕ ಕಡಿಯಬಹುದು. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಲೈನು ಹೋಗಿ, ಅದರೊಂದಿಗೆ ನೆಟ್‌ವರ್ಕೂ ಹೋಗಿ, ಕರೆಂಟು ಮರಳಿದ ಮೇಲೆ ರೀಚಾರ್ಜಿನ ಸಂದೇಶ ಮೀಟರಿಗೆ ತಲುಪದೆ ಹೋದರೆ, ಆಮ್ಲಜನಕದ ಯಂತ್ರ ಇಟ್ಟುಕೊಂಡ ಮನೆಯವರು ಯಾರ ಬಾಗಿಲು ತಟ್ಟಬೇಕು? ನಿಮ್ಮಲ್ಲಿ ಹೃದ್ರೋಗಿ ಇದ್ದಾರೆಂದು ಅರ್ಜಿಯೊಂದಿಗೇ ಲಿಖಿತವಾಗಿ ತಿಳಿಸಿ, ಮೀಟರು ಪ್ರಿಪೇಯ್ಡ್ ವಿಧಾನದಲ್ಲಿ ನಡೆಯುವುದೇ, ರಾತ್ರಿ ಮತ್ತು ರಜಾದಿನ ಸಂಪರ್ಕ ಕಡಿಯುತ್ತಾರೆಯೇ, ನೆಟ್‌ವರ್ಕ್ ಇಲ್ಲದಾಗ ಏನು ಏರ್ಪಾಡು ಎಂದು ಕೇಳಿ, ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಮೀಟರಿನ ಮಾದರಿ, ಅದರ ರೇಡಿಯೋ ಅನುಮೋದನೆಯ ಪ್ರತಿ ಮತ್ತು ಪ್ರಸಾರದ ಗರಿಷ್ಠ ಶಕ್ತಿಯನ್ನೂ ಅದರಲ್ಲೇ ಕೇಳಿಬಿಡಿ. ಆಮೇಲೂ ತೃಪ್ತಿಯಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ.

ಬಿಲ್ಲು ಏರಿತೆಂಬ ಸಂಶಯ ಮುಂದೆ ಬಂದರೆ, ಗ್ರಾಹಕರ ಹಕ್ಕುಗಳ ಅದೇ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ದೂರು ಕೊಟ್ಟ 5 ದಿನಗಳೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರು ಹಾಕಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಖಾಸಗಿತನವನ್ನು ಮಾತ್ರ ನಾನು ಲಘುವಾಗಿ ಕಾಣುವುದಿಲ್ಲ. ಮನೆಮಂದಿ ಬೆಂಗಳೂರಿನಲ್ಲಿದ್ದು ವರ್ಷದ ಹೆಚ್ಚು ಕಾಲ ಬೀಗ ಹಾಕಿರುವ ತೋಟದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಗಂಟೆಗಂಟೆಯ ವಿದ್ಯುತ್ ಬಳಕೆಯ ಪಟ್ಟಿ ಯಾರ ಕೈಗೆ ಸಿಕ್ಕರೂ ಯಾವ ಮನೆ ಖಾಲಿ ಎಂಬುದು ತಿಳಿಯುತ್ತದೆ.

ನಿಮ್ಮ ಮನೆಯ ಮಟ್ಟಿಗೆ, ಗಾರೆ ಮುಗಿಯುವ ಮೊದಲೇ ಮೀಟರಿನ ಜಾಗವನ್ನು ಅತ್ತೆಯವರ ಕೋಣೆಯಿಂದ ಜಗಲಿಯ ಹೊರಗೋಡೆಗೆ ಬದಲಿಸಿ. ತರಂಗಕ್ಕೆ ಹೆದರಿ ಹೀಗೆನ್ನುತ್ತಿಲ್ಲ. ಅಲ್ಲಿ ಇರಚಲು ಹೊಡೆಯುವುದಿಲ್ಲ, ಸಿಗ್ನಲ್ ಚೆನ್ನಾಗಿ ಸಿಗುತ್ತದೆ, ಹಿರಿಯರ ಮನಸ್ಸಿಗೂ ಸಮಾಧಾನವಾಗುತ್ತದೆ. ಹೆಚ್ಚಾಗುವ ಖರ್ಚು ಕೆಲವು ಅಡಿ ವೈರು ಮತ್ತು ಪೈಪಿನದ್ದು ಮಾತ್ರ. ಮೀಟರು ಕೂರಿಸುವ ದಿನ ಟರ್ಮಿನಲ್ ತಿರುಪುಗಳನ್ನು ಬಿಗಿಯಾಗಿ ತಿರುಗಿಸಿದ್ದಾರೆಯೇ, ಅರ್ತಿಂಗ್ ಸರಿಯಾಗಿದೆಯೇ ಎಂದು ನಿಮ್ಮ ವೈರಿಂಗ್ ಗುತ್ತಿಗೆದಾರರು ಎದುರಿಗೇ ನಿಂತು ನೋಡಲಿ. ಸಡಿಲವಾದ ತಿರುಪು ಬಿಸಿಯೇರಿ ಪೆಟ್ಟಿಗೆ ಸುಟ್ಟದ್ದನ್ನು ನಾನು ನೆರೆಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ, ಅದು ಹಳೆಯ ಮೀಟರೇ ಆಗಿತ್ತು.