ಓಕೆ ಹುಟ್ಟಿದ್ದು ರಣರಂಗದಲ್ಲಲ್ಲ

ದಾವಣಗೆರೆ ಕಡೆಯ ಮೇಷ್ಟ್ರೊಬ್ಬರು ಕೇಳಿದಾರೆ: 'ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ಸೈನಿಕರು ಬೋರ್ಡ್ ಮೇಲೆ ಝೀರೋ ಕಿಲ್ಡ್ ಅನ್ನೋದಕ್ಕೆ 0K ಅಂತ ಬರೀತಿದ್ರಂತೆ, ಅದೇ ಓಕೆ ಆಯ್ತಂತೆ. ಕ್ಲಾಸಲ್ಲೂ ಹೇಳಿದೆ. ನಿಜ ತಾನೆ ಸಾರ್?'

ಉತ್ತರ: ಮೇಷ್ಟ್ರೇ, ಕಥೆ ಚೆನ್ನಾಗಿದೆ, ಮಕ್ಕಳಿಗೆ ಹಿಡಿಸತ್ತೆ, ಅಷ್ಟು ಒಪ್ತೀನಿ. ಆದ್ರೆ ಆ ಯುದ್ಧ ಶುರುವಾಗಿದ್ದೇ 1861ರಲ್ಲಿ. ಓಕೆ ಅನ್ನೋದು 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೇಲೇ ಅಚ್ಚಾಗಿದೆ, ಗಂಟೆ ಬಾರಿಸೋದನ್ನ ವಿರೋಧಿಸೋ ಸಂಘ ಅಂತ ಒಂದಿತ್ತು, ಅದರ ಬಗ್ಗೆ ಒಂದು ತಮಾಷೆ ಸುದ್ದಿ, ಅದರೊಳಗೆ ಸಣ್ಣಕ್ಷರದಲ್ಲಿ ಓ.ಕೆ., ಪಕ್ಕದಲ್ಲೇ 'ಆಲ್ ಕರೆಕ್ಟ್' ಅಂತ ಅರ್ಥ. ಆ ಕಾಲಕ್ಕೆ ಅಲ್ಲಿನ ಪತ್ರಿಕೆಯವರಿಗೆ ಬೇಕಂತಲೇ ಸ್ಪೆಲ್ಲಿಂಗ್ ಕೆಡಿಸಿ ಮೊದಲಕ್ಷರ ಮಾತ್ರ ಬರೆಯೋ ಹುಚ್ಚು, 'ಆಲ್ ಕರೆಕ್ಟ್' ಹೋಗಿ 'ಓಲ್ ಕೊರೆಕ್ಟ್' (oll korrect) ಆಯ್ತು, 'ಆಲ್ ರೈಟ್' ಅನ್ನೋದನ್ನ oll wright ಅಂತ ಕೆಡಿಸಿ ಓ.ಡಬ್ಲ್ಯೂ. ಅಂತಿದ್ರು. ಅದೆಲ್ಲ ಸತ್ತೋಯ್ತು, ಓಕೆ ಉಳೀತು, ಯಾಕಂದ್ರೆ 1840ರ ಎಲೆಕ್ಷನ್‌ನಲ್ಲಿ ಪ್ರೆಸಿಡೆಂಟ್ ವ್ಯಾನ್ ಬ್ಯೂರನ್ ಕಡೆಯವರು ಅವರ ಹುಟ್ಟೂರು ಕಿಂಡರ್‌ಹುಕ್ ಹೆಸರಲ್ಲಿ ಅವರನ್ನ 'ಓಲ್ಡ್ ಕಿಂಡರ್‌ಹುಕ್' ಅಂತ ಕರೆದು ಓಕೆ ಕ್ಲಬ್ಬನ್ನೇ ಕಟ್ಟಿದ್ರು. ಅವರು ಸೋತ್ರು, ಆದ್ರೆ ಅಷ್ಟರಲ್ಲಿ ಪದ ಊರೂರಿಗೆ ಹೋಗಿತ್ತು.

ಇದನ್ನೆಲ್ಲ ಹುಡುಕಿ ತೆಗೆದಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆಲೆನ್ ವಾಕರ್ ರೀಡ್, 1963-64ರಲ್ಲಿ ಲೇಖನಗಳ ಸರಣಿಯನ್ನೇ ಬರೆದ್ರು. ಅಷ್ಟೊತ್ತಿಗೆ ಚೊಕ್ಟಾ ಬುಡಕಟ್ಟಿನ ಮಾತಿಂದ ಬಂತು, ಗ್ರೀಕಿಂದ ಬಂತು ಅಂತ ಎಷ್ಟು ಕಥೆ ಓಡಾಡ್ತಿತ್ತು! ಅವರು ಹಳೇ ಪೇಪರ್ ರಾಶಿಯಲ್ಲಿ ಕೂತು ತಾರೀಕು ಹಿಡಿದು ತೋರಿಸಿದ್ರು. ನನಗೆ ಇಂಥವರೇ ದೊಡ್ಡವರು. ನೀವು ಕೇಳಿದ್ದು ತುಂಬಾ ಒಳ್ಳೇದು, ಆದ್ರೆ ಕ್ಲಾಸಲ್ಲಿ ಹೇಳೋಕೆ ಮುಂಚೆ ಕೇಳಬೇಕಿತ್ತು ಅಲ್ವಾ?

ನಮ್ಮಲ್ಲೂ ಇದೇ ರೋಗ. ವೀರಬಲ್ಲಾಳ ಹಸಿದು ಬಂದ, ಅಜ್ಜಿ ಬೆಂದ ಕಾಳು ಕೊಟ್ಲು, ಅದಕ್ಕೇ ಬೆಂಗಳೂರು ಅಂತ ಇವತ್ತಿಗೂ ಹೇಳ್ತಾರೆ, ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ತಾರೆ. ಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಬೇಗೂರಿನ ವೀರಗಲ್ಲಲ್ಲಿ ಸುಮಾರು 890ರ ಹೊತ್ತಿಗೇ ಬೆಂಗಳೂರು ಕಾಳಗದ ಮಾತಿದೆ, ಅಂದ್ರೆ ರಾಜ ಹುಟ್ಟೋಕೆ ಇನ್ನೂರಕ್ಕೂ ಹೆಚ್ಚು ವರ್ಷ ಮುಂಚೆನೇ ಊರಿಗೆ ಹೆಸರಿತ್ತು. ಬೇಗೂರು ಏನು ದೂರಾನಾ, ಸಿಟಿ ಒಳಗೇ ಇದೆ. ಅಜ್ಜಿ ಕಥೆ ಹೇಳೋರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿ ಆ ಕಲ್ಲು ನೋಡಿದಾರೆ, ಹೇಳಿ.